ಕಕ್ಕಸಿಗೆ ದಾನಿಗಳಿಲ್ಲ

ಬ್ಯಾಪ್ಟಿಸ್ಟ್, ನಾನು ಭುಜಂಗ, ಉಚ್ಚಿಲದಿಂದ. ಈ ವಾಯ್ಸ್ ಮೆಸೇಜು ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನೀನು ಕಾರ್ಕಳದಲ್ಲಿ ಕಾಲು ಚಾಚಿ ಕುಳಿತಿದ್ದೀ, ಕೇಳಲು ನಿನಗೆ ಎಂತ ಕಷ್ಟ? ಕಾಪುವಿನ ಸಭೆಯಲ್ಲಿ ಭುಜಂಗ ಮೈಕು ಬಿಟ್ಟು ಇಳಿದು ಹೋದ, ದಾನಿಗಳ ಮರ್ಯಾದೆ ತೆಗೆದ ಎಂದು ಯಾರೋ ನಿನ್ನ ಕಿವಿಗೆ ಹಾಕಿದ್ದಾರೆ. ನೀನು ಅದನ್ನು ನಂಬಿ, ಪ್ರಾಯ ಆದ ಮೇಲೆ ಬುದ್ಧಿ ಸಡಿಲವಾಗುತ್ತದೆ ಎಂದು ನನಗೇ ಮೆಸೇಜು ಕಳುಹಿಸಿದ್ದೀ. ನಾಚಿಕೆ ಆಗಬೇಕು ನಿನಗೆ. ಜನ್ಮವಿಡೀ ನೀನು ಮೈಕು ಸೆಟ್ಟು ಕಟ್ಟಿದವನು, ನಾನು ಅದರ ಮುಂದೆ ನಿಂತು ಕಾರ್ಯಕ್ರಮ ನಡೆಸಿದವನು. ನಾನು ಸುಮ್ಮನೆ ಮೈಕು ಬಿಡುವ ಜನವಾ?

ನಮ್ಮವಳಿಗೆ, ಸುಗಂಧಿಗೆ, ಪಕ್ಷವಾತ ಆದದ್ದು ನಿನಗೆ ಗೊತ್ತುಂಟು. ಕೈಕಾಲು ಸುಮಾರಿಗೆ ಸರಿಯಾಯಿತು, ಮಾತು ಬರಲಿಲ್ಲ. ಅಕ್ಷರವೂ ಹೋಯಿತು, ಓದಲು ಬರೆಯಲು ಆಗುವುದಿಲ್ಲ. ಬುದ್ಧಿಗೆ ಮಾತ್ರ ಏನೂ ಆಗಲಿಲ್ಲ. ನಾನು ಸುಳ್ಳು ಹೇಳಿದರೆ ಮೊದಲಿನಂತೆಯೇ ಹಿಡಿಯುತ್ತಾಳೆ, ಹಿಡಿದದ್ದನ್ನು ಹೇಳಲಾಗುವುದಿಲ್ಲ ಅಷ್ಟೆ. ಅವಳಿಗೆ ಬಾಯಾರಿಕೆಯೋ, ಸೆಖೆಯೋ, ನನ್ನ ಮೇಲೆ ಸಿಟ್ಟೋ ಎಂದು ನಾನು ಒಂದೊಂದಾಗಿ ಕೇಳಬೇಕು, ಅವಳು ಇಲ್ಲ ಇಲ್ಲ ಎಂದು ತಲೆಯಾಡಿಸಬೇಕು. ಕೊನೆಗೆ ಇಬ್ಬರಿಗೂ ಸಾಕಾಗಿ ಒಬ್ಬರನ್ನೊಬ್ಬರು ನೋಡದೆ ಕುಳಿತುಕೊಳ್ಳುವುದು. ಹಾಗೆ ಎಷ್ಟೋ ದಿನ ಹೋಯಿತು.

ಮಣಿಪಾಲದಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿ ಗಾನವಿ ಎಂಬವಳು ಒಂದು ದಿನ ನಮ್ಮ ಫೋನಿಗೆ 'ಪಾತೆರ' ಎಂಬ ಆಪ್ ಹಾಕಿಕೊಟ್ಟಳು, ಮಾತು ಎಂದೇ ಅದರ ಹೆಸರು. ಪರದೆಯ ತುಂಬ ಚಿತ್ರಗಳು. ಲೋಟದ ಚಿತ್ರ ಒತ್ತಿದರೆ ಫೋನು 'ನೀರ್ ಕೊರ್ಲೆ' ಎನ್ನುತ್ತದೆ. ನೀರು ಕೊಡಿ ಎಂದು ನಮ್ಮದೇ ತುಳುವಿನಲ್ಲಿ, ಒಬ್ಬಳು ಹೆಂಗಸಿನ ಸ್ವರದಲ್ಲಿ. ಪೆಟ್ಟಿಗೆಯ ಸ್ವರ ಅಲ್ಲ ಮಾರಾಯ, ಪಕ್ಕದ ಮನೆಯವಳು ಅಡುಗೆಕೋಣೆಯ ಕಿಟಕಿಯಿಂದ ಕೇಳಿದ ಹಾಗೆ. ಸುಗಂಧಿ ಒತ್ತಿದಳು, ನಾನು ನೀರು ಕೊಟ್ಟೆ. ಮತ್ತೆ ಒತ್ತಿದಳು, ಮತ್ತೆ ಕೊಟ್ಟೆ. ಆ ದಿನ ಹೊಟ್ಟೆ ಉಬ್ಬುವಷ್ಟು ನೀರು ಕುಡಿದಳು. ಬಾಯಾರಿಕೆಗೆ ಅಲ್ಲ. ಕೇಳಿದ್ದು ಸಿಗುತ್ತದೆ ಎಂಬ ಖುಷಿಗೆ.

"ಇದಕ್ಕೆ ದುಡ್ಡೆಷ್ಟು ಮಗಾ?" ಎಂದು ನಾನು ಗಾನವಿಯನ್ನು ಕೇಳಿದೆ.

"ದುಡ್ಡಿಲ್ಲ ಅಂಕಲ್. ಇದು ಓಪನ್ ಸೋರ್ಸ್. ಒಳಗೆ ಬರೆದದ್ದನ್ನೆಲ್ಲ ತೆರೆದು ಇಟ್ಟಿದ್ದಾರೆ. ಯಾರು ಬೇಕಾದರೂ ತಗೊಂಡು ಹೋಗಬಹುದು, ತಿದ್ದಬಹುದು, ಸೇರಿಸಬಹುದು. ಬರೆದದ್ದು ಕಾರ್ಕಳದ ಲಿಯೋನೆಲ್. ಸ್ವರ ಎಲ್ಲೂರಿನ ಗುಲಾಬಿಯಕ್ಕನದ್ದು. ಅವರ ಅತ್ತೆಗೂ ಹೀಗೇ ಮಾತು ಹೋಗಿತ್ತು, ಅವರನ್ನು ಕರಕೊಂಡು ಇಲ್ಲಿಗೆ ಬರುತ್ತಿದ್ದರು."

ನನಗೆ ನಂಬಿಕೆ ಬರಲಿಲ್ಲ. ನೀನೇ ಹೇಳು, ನಮ್ಮ ಕಡೆ ಹೆಸರಿಲ್ಲದೆ ಕೊಟ್ಟದ್ದು ಎಂತ ಉಂಟು? ಟ್ಯೂಬ್‌ಲೈಟಿನ ಮೇಲೆ ಬೆಳಕು ಬಾರದಷ್ಟು ದೊಡ್ಡದಾಗಿ ಹೆಸರು. ಫ್ಯಾನಿನ ಮೂರು ರೆಕ್ಕೆಯಲ್ಲಿಯೂ ಹೆಸರು. ಫ್ಯಾನು ತಿರುಗಿದರೆ ಹೆಸರು ಓದಲಾಗುವುದಿಲ್ಲ ಎಂದು ಬೇಸಗೆಯ ಮಧ್ಯಾಹ್ನ ಸ್ವಿಚ್ಚು ಆಫ್ ಮಾಡಿಸಿದ ಮಹಾನುಭಾವನನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೇವೆ. ಅವನ ಹೆಸರನ್ನು ಬೆವರು ಒರೆಸಿಕೊಳ್ಳುತ್ತ ಓದಿದವನು ನಾನೇ.

ಅದಕ್ಕೇ ನಾನು ಲಿಯೋನೆಲನನ್ನು ಮಣಿಪಾಲದಲ್ಲಿ ಅವನ ಆಫೀಸಿನ ಕೆಳಗೆ ಹಿಡಿದು ಚಾ ಕುಡಿಸಿ ಕೇಳಿದೆ.

"ನಿನಗೆ ಇದರಿಂದ ಎಂತ ಸಿಗುತ್ತದೆ? ಪುಣ್ಯವಾ?"

"ಪುಣ್ಯ ಎಲ್ಲ ಇಲ್ಲ ಅಂಕಲ್," ಎಂದ. "ಸಿಟ್ಟು."

"ಸಿಟ್ಟಾ?"

"ಪಪ್ಪನಿಗೆ ಕೊನೆಯಲ್ಲಿ ಮಾತು ನಿಂತಿತ್ತು. ಒಂದು ಆಪ್ ತಂದೆ, ತಿಂಗಳು ತಿಂಗಳು ದುಡ್ಡು. ಅದು ಇಂಗ್ಲಿಷಿನಲ್ಲಿ 'ಮೇ ಐ ಹ್ಯಾವ್ ಸಮ್ ವಾಟರ್ ಪ್ಲೀಸ್' ಎನ್ನುತ್ತಿತ್ತು. ನಮ್ಮ ಪಪ್ಪ ಜನ್ಮದಲ್ಲಿ ಯಾರಿಗೂ ಪ್ಲೀಸ್ ಹೇಳಿದವರಲ್ಲ. ಅವರು ಅದನ್ನು ಒತ್ತುವುದನ್ನೇ ಬಿಟ್ಟರು. ಸಿಟ್ಟು ಬಂತು, ನಾನೇ ಬರೆದೆ. ಮುಗಿಯುವಾಗ ಪಪ್ಪ ಇರಲಿಲ್ಲ."

"ಮತ್ತೆ ಯಾಕೆ ಮುಂದುವರಿಸಿದ್ದು?"

"ಬೇರೆಯವರು ಬಂದರಲ್ಲ. ಬಟನ್ ದೊಡ್ಡದು ಮಾಡಿಕೊಟ್ಟದ್ದು ಪೋಲೆಂಡಿನ ಒಬ್ಬ ಮನುಷ್ಯ. ತುಳು ಅಂದರೆ ತಿನ್ನುವುದೋ ಉಡುವುದೋ ಅವನಿಗೆ ಗೊತ್ತಿಲ್ಲ. ಅವನ ಕೈ ನಡುಗುತ್ತದೆ, ಸಣ್ಣ ಬಟನ್ ಅವನಿಗೆ ಆಗುವುದಿಲ್ಲ. ಅವನಿಗೋಸ್ಕರ ಮಾಡಿಕೊಂಡ, ನಿಮ್ಮ ಆಂಟಿಗೂ ಆಯಿತು."

ಹುಡುಗ ಇಷ್ಟನ್ನು ಚಾ ಆರುವ ಮೊದಲು ಹೇಳಿದ. ನಾನು ಒಂದು ಸ್ವಾಗತ ಭಾಷಣಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಇನ್ನು ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಕೇಳುತ್ತಿದ್ದೀಯಾ, ನಿದ್ದೆ ಹೋದೆಯಾ?

ಮಳೆಗಾಲ ಕಳೆದು ಹೊಸ ಬಂಗುಡೆ ಮೀನು ಬಂದ ದಿನ. ನಾನು ಊಟ ಮುಗಿಸಿ ಹೊರಗೆ ಪೇಪರು ಹಿಡಿದು ಕುಳಿತಿದ್ದೆ, ಸುಗಂಧಿ ಒಳಗೆ ಇನ್ನೂ ಉಣ್ಣುತ್ತಿದ್ದಳು. ಒಳಗಿನಿಂದ ಗಂಡಸಿನ ಸ್ವರ ಕೇಳಿತು. "ಈ ಶಬ್ದದ ಕೊಡುಗೆ, ದಿವಂಗತ ಅಂಗಾರಣ್ಣನವರ ಸ್ಮರಣಾರ್ಥ, ಅವರ ಮಕ್ಕಳು, ಸೊಸೆಯಂದಿರು..." ಹಿಂದೆ ಚೆಂಡೆ ಬೇರೆ. ಯಾವುದೋ ಜಾಹೀರಾತು ಎಂದುಕೊಂಡೆ. ಅರ್ಧಕ್ಕೆ ನಿಂತಿತು, ಪುನಃ ಮೊದಲಿನಿಂದ ಶುರುವಾಯಿತು. "ಈ ಶಬ್ದದ ಕೊಡುಗೆ, ದಿವಂಗತ ಅಂಗಾರಣ್ಣನವರ..." ಪುನಃ ನಿಂತಿತು, ಪುನಃ ಶುರು. ಸಾಯಲಿ ಈ ಅಂಗಾರಣ್ಣ, ಒಮ್ಮೆ ಸತ್ತದ್ದು ಸಾಲದಾ ಎಂದು ಪುಟ ಮಗುಚಿದೆ.

ಆಮೇಲೆ ಬಟ್ಟಲು ನೆಲಕ್ಕೆ ಬಿದ್ದ ಶಬ್ದ ಕೇಳಿತು.

ಓಡಿ ಹೋಗಿ ನೋಡಿದರೆ ಮೀನಿನ ಮುಳ್ಳು ಗಂಟಲಿಗೆ ಕಂತಿ ಅವಳ ಮುಖ ಕೆಂಪಾಗಿದೆ, ಕಣ್ಣಿನಲ್ಲಿ ನೀರು, ಬೆರಳು ಫೋನಿನಲ್ಲಿ ಗಂಟಲಿನ ಚಿತ್ರದ ಮೇಲೆಯೇ ಉಂಟು. ಒತ್ತುತ್ತಾಳೆ, ಹೆಸರು ಶುರುವಾಗುತ್ತದೆ. ನಾನು ಬರಲಿಲ್ಲ ಎಂದು ಮತ್ತೆ ಒತ್ತುತ್ತಾಳೆ, ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗಂಟಲು ಎಂಬ ಶಬ್ದಕ್ಕೆ ಅದು ತಲುಪಲೇ ಇಲ್ಲ ಬ್ಯಾಪ್ಟಿಸ್ಟ್. ಅನ್ನದ ಉಂಡೆ ನುಂಗಿಸಿ, ಬೆನ್ನಿಗೆ ಗುದ್ದಿ, ಹೇಗೋ ಮುಳ್ಳು ಇಳಿಯಿತು. ಉಗುಳಿದಾಗ ರಕ್ತ ಇತ್ತು. ಅವಳು ಫೋನನ್ನು ದೂರ ತಳ್ಳಿ ಗೋಡೆಯ ಕಡೆ ಮುಖ ಮಾಡಿದಳು. ಎರಡು ದಿನ ಅದನ್ನು ಮುಟ್ಟಲೇ ಇಲ್ಲ. ಪುನಃ ನಾನು ಕೇಳುವುದು, ಅವಳು ತಲೆಯಾಡಿಸುವುದು. ನನ್ನ ಹೆಂಡತಿಯ ಬಾಯಿಯನ್ನು ಎರಡನೇ ಸಲ ಕಿತ್ತುಕೊಂಡ ಹಾಗಾಯಿತು. ಮೊದಲನೆಯದನ್ನು ದೇವರು ಮಾಡಿದ ಎನ್ನಬಹುದು. ಇದನ್ನು?

ಲಿಯೋನೆಲನಿಗೆ ಫೋನು ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅವನು ಸುಮ್ಮನೆ ಬೈಸಿಕೊಂಡು ಆಮೇಲೆ ಹೇಳಿದ. ಅವನಿಗೆ ಆಫೀಸಿನ ಕೆಲಸದ ನಡುವೆ ಒಬ್ಬನಿಗೇ ಸುಧಾರಿಸಲು ಆಗುತ್ತಿರಲಿಲ್ಲ. ಹೊಸ ಶಬ್ದ ಸೇರಿಸಲು ಜನ ಬೇಕು ಎಂದು ಎಲ್ಲೋ ಹಾಕಿದ್ದನಂತೆ. ಕಾಪುವಿನ ತಿಲಕ್ ಇದ್ದಾನಲ್ಲ, ಶಾಮಿಯಾನದವನು, ಸೇವಾ ಬಳಗದ ಅಧ್ಯಕ್ಷ, ಅವನು "ಜನ ನಾವು ಕೊಡುತ್ತೇವೆ" ಎಂದು ಬಂದ. ಬಂದ ಸ್ವರಗಳನ್ನು ಒಳಗೆ ಸೇರಿಸುವ ಅಧಿಕಾರವನ್ನು ಈ ಹುಡುಗ ಅವನ ಕೈಗೆ ಕೊಟ್ಟ. ಮನೆಯ ಬೀಗದ ಕೈ ಕೊಟ್ಟ ಹಾಗೆ. ತಿಲಕ್ ಎಂತ ಮಾಡಿದ? 'ಒಂದು ಶಬ್ದ, ಒಂದು ಶಾಲು' ಎಂದು ಬ್ಯಾನರು ಕಟ್ಟಿಸಿದ. ಶಬ್ದದಾನ ಮಾಡಿದವರಿಗೆಲ್ಲ ಸಭೆಯಲ್ಲಿ ಸನ್ಮಾನ!

"ಹೊಸ ಶಬ್ದ ತನ್ನಿ ಎಂದು ಹೇಳಿದ್ದೆ ಅಂಕಲ್," ಎಂದ ಲಿಯೋನೆಲ್. "ಅವರು ಇದ್ದ ಶಬ್ದಗಳನ್ನೇ ಹಂಚಿಕೊಂಡರು. ಗುಲಾಬಿಯಕ್ಕನ ಸ್ವರ ತೆಗೆದು ತಮ್ಮದು ಹಾಕಿದರು. ಹೆಸರು ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಕಾಣುವುದಿಲ್ಲ ಎಂದೆ. ಹಾಗಾದರೆ ಕೇಳಬೇಕು ಎಂದು ಸ್ವರದ ಮೊದಲೇ ಹೆಸರು ಸೇರಿಸಿದರು. ಆ ದಿನ ಅದು ಎಲ್ಲರ ಫೋನಿಗೂ ತಾನಾಗಿಯೇ ಬಂದು ಕುಳಿತಿತು."

"ಗುಲಾಬಿಯಕ್ಕನದ್ದು ಒಂದೂ ಉಳಿಯಲಿಲ್ಲವಾ?"

"ಉಳಿದಿದೆ. ಅಮ್ಮ ಎಂಬುದಕ್ಕೆ ಜಗಳ ಆಯಿತು. ದೇವರು ಎಂಬುದನ್ನು ಹರಾಜು ಹಾಕಿದರಂತೆ. ಕಕ್ಕಸು, ಮೂತ್ರ, ವಾಂತಿ, ತುರಿಕೆ, ಇವನ್ನು ಯಾರೂ ತಗೊಳ್ಳಲಿಲ್ಲ. ಅವು ಗುಲಾಬಿಯಕ್ಕನ ಸ್ವರದಲ್ಲೇ ಉಂಟು. ಅದನ್ನು ಕೇಳಿ ಅವರು ನನ್ನ ಫೋನು ತೆಗೆಯುವುದನ್ನು ಬಿಟ್ಟರು."

ನಾನು ಬಸ್ಸು ಹತ್ತಿ ಕಾಪುವಿಗೆ ಹೋದೆ. ತಿಲಕ್ ಶಾಮಿಯಾನದ ಗೋದಾಮಿನಲ್ಲಿ ಕುರ್ಚಿ ತೊಳೆಸುತ್ತಿದ್ದ.

"ಓಹೋ, ಭುಜಂಗಣ್ಣ! ನಿಮ್ಮನ್ನೇ ನೆನೆಸುತ್ತಿದ್ದೆ. ಆದಿತ್ಯವಾರ ಸನ್ಮಾನ ಉಂಟು. ನಿರೂಪಣೆ ನೀವೇ."

"ನಿರೂಪಣೆ ಆಮೇಲೆ. ಆ ಹೆಸರುಗಳನ್ನೆಲ್ಲ ತೆಗೆ ಮಾರಾಯ. ನನ್ನ ಹೆಂಡತಿ ಮುಳ್ಳು ಸಿಕ್ಕಿ ಸಾಯುತ್ತಿದ್ದಳು."

"ಛೆ ಛೆ, ಹೌದಾ? ಆದರೆ ಭುಜಂಗಣ್ಣ, ಹೆಸರಿಲ್ಲದಿದ್ದರೆ ಯಾರು ಕೊಡುತ್ತಾರೆ? ನಿಮಗೆ ನಾನು ಹೇಳಿಕೊಡಬೇಕಾ?"

"ಗುಲಾಬಿ ಕೊಟ್ಟಿದ್ದಳಲ್ಲ."

"ಅವರಿಗೂ ಶಾಲು ಉಂಟು ಎಂದೆವು. ಬೇಡ ಎಂದರು. ಅದು ಸೊಕ್ಕು."

ನನಗೆ ಮೈ ಉರಿಯಿತು. ಆದರೂ ಕೆಲಸ ಆಗಬೇಕಲ್ಲ, ತಡೆದುಕೊಂಡೆ. ಕೊನೆಗೆ ಅವನೇ ಒಂದು ದಾರಿ ತೆಗೆದ. ನಾನು ನಿರೂಪಣೆ ಮಾಡಬೇಕು, ಸುಗಂಧಿ ವೇದಿಕೆಗೆ ಬಂದು ಆಪ್ ಹೇಗೆ ಮಾತನಾಡುತ್ತದೆ ಎಂದು ತೋರಿಸಬೇಕು. ದಾನಿಗಳು ತಮ್ಮ ಹೆಸರನ್ನು ಒಮ್ಮೆ ಸಾರ್ವಜನಿಕವಾಗಿ ಕೇಳಿಬಿಟ್ಟರೆ ತೃಪ್ತಿಯಾಗುತ್ತಾರೆ, ಮರುದಿನ ಹೆಸರುಗಳನ್ನು ತೆಗೆಸುತ್ತೇನೆ, ಇದು ಅವನ ಮಾತು. ನಾನು ಒಪ್ಪಿದೆ. ಮನೆಗೆ ಬಂದು ಸುಗಂಧಿಗೆ ಹೇಳಿದೆ. ಅವಳು ನನ್ನನ್ನು ಉದ್ದಕ್ಕೆ ನೋಡಿದಳು. ಆಮೇಲೆ ಆಗಲಿ ಎಂದು ತಲೆಯಾಡಿಸಿ ಕಪಾಟಿನಿಂದ ಹಸಿರು ಸೀರೆ ತೆಗೆದಳು. ಬಾಯಿ ವಾಪಸು ಬರುತ್ತದೆ ಎಂದಾದರೆ ಯಾವ ವೇದಿಕೆಯಾದರೂ ಹತ್ತುತ್ತಾಳೆ ಅವಳು.

ಆದಿತ್ಯವಾರ ಸಭೆ ತುಂಬಿತ್ತು. ವೇದಿಕೆಯಲ್ಲಿ ಮೂರು ಸಾಲು ಕುರ್ಚಿ, ಮೂರರಲ್ಲೂ ದಾನಿಗಳು. ಎದುರು ಕುಳಿತವರು ಅವರವರ ಮನೆಯವರು. ಸುಗಂಧಿಯನ್ನು ಮಧ್ಯದಲ್ಲಿ ಕುಳ್ಳಿರಿಸಿ, ಅವಳ ಫೋನಿನ ಬಾಯಿಗೆ ಒಂದು ಮೈಕು ಹಿಡಿಸಿದರು. ತಲೆಯ ಮೇಲೆ ದೊಡ್ಡ ಲೈಟು, ಕುರ್ಚಿಯ ಬುಡದಲ್ಲಿ ಹಣ್ಣಿನ ಬುಟ್ಟಿ. ಸ್ವಾಗತ, ಪ್ರಸ್ತಾವನೆ, ಅಧ್ಯಕ್ಷರ ಮಾತು ಮುಗಿಯುವಾಗ ಅವಳ ತುಟಿ ಒಣಗಿತ್ತು.

ನಾನು ಘೋಷಿಸಿದೆ, ಅವಳು ಲೋಟದ ಚಿತ್ರ ಒತ್ತಿದಳು.

"ಈ ಶಬ್ದದ ಕೊಡುಗೆ, ನಂದಿಕೂರಿನ ಖ್ಯಾತ ಉದ್ಯಮಿ, ಕೊಡುಗೈ ದಾನಿ..." ಎಂದು ಫೋನು ಹೇಳುತ್ತ ಹೋಯಿತು. ಆ ಖ್ಯಾತ ಉದ್ಯಮಿ ಎದ್ದು ಕೈ ಮುಗಿದ. ಚಪ್ಪಾಳೆ. ಕೊನೆಗೆ ನೀರು ಕೊಡಿ ಎಂದು ಹೇಳಿತೋ ಏನೋ, ಚಪ್ಪಾಳೆಯಲ್ಲಿ ಕೇಳಲಿಲ್ಲ.

ಅವಳು ನನ್ನ ಕಡೆ ನೋಡಿ ಪುನಃ ಒತ್ತಿದಳು. ಉದ್ಯಮಿ ಪುನಃ ಎದ್ದು ಕೈ ಮುಗಿದ. ಪುನಃ ಚಪ್ಪಾಳೆ, ಮೊದಲಿಗಿಂತ ಜೋರು. ಅವಳು ತನ್ನ ಗಂಟಲು ಮುಟ್ಟಿ ತೋರಿಸಿದಳು. ಫೋಟೋದವನು "ಅಮ್ಮಾ, ಹಾಗೆಯೇ ಇರಿ" ಎಂದು ಫ್ಲ್ಯಾಶ್ ಹೊಡೆದ. ಅಷ್ಟು ಜನರಲ್ಲಿ, ಬ್ಯಾಪ್ಟಿಸ್ಟ್, ನೀರು ಕೇಳುತ್ತಿದ್ದಾಳೆ ಎಂದು ಒಬ್ಬನಿಗೂ ಹೊಳೆಯಲಿಲ್ಲ. ನೀರು ದಾನ ಮಾಡಿದವನ ಕುರ್ಚಿಯ ಪಕ್ಕದಲ್ಲೇ ನೀರಿನ ಬಾಟ್ಲಿ ಇತ್ತು!

ನಾನು ಮೈಕಿನಿಂದ ಕೆಳಗೆ ಬಾಗಿ "ನೀರು ಕೊಡಿ ಮಾರಾಯ" ಎಂದೆ. ತಿಲಕ್ ಹಿಂದಿನಿಂದ ನನ್ನ ಅಂಗಿ ಎಳೆದು "ಮುಂದಿನ ಶಬ್ದ, ಮುಂದಿನ ಶಬ್ದ" ಎಂದು ಪಿಸುಗುಟ್ಟಿದ.

ಆಗ ಸುಗಂಧಿಯ ಮುಖ ಬದಲಾಯಿತು. ಆ ಮುಖ ನನಗೆ ಗೊತ್ತುಂಟು, ಮದುವೆಯಾದಂದಿನಿಂದ ಹೆದರುತ್ತಾ ಬಂದ ಮುಖ. ಅವಳು ಪರದೆಯನ್ನು ಮೆಲ್ಲಗೆ ಸರಿಸಿದಳು, ಹುಡುಕಿದಳು, ಒಂದು ಚಿತ್ರದ ಮೇಲೆ ಬೆರಳು ಗಟ್ಟಿಯಾಗಿ ಊರಿದಳು.

"ಕಕ್ಕಸ್‌ಗ್ ಪೋವೊಡು."

ಕಕ್ಕಸಿಗೆ ಹೋಗಬೇಕು. ಚೆಂಡೆ ಇಲ್ಲ, ಸ್ಮರಣಾರ್ಥ ಇಲ್ಲ. ಗುಲಾಬಿಯ ಸ್ವರ ಸಭೆಯ ನಾಲ್ಕೂ ಮೂಲೆಗೆ ಸ್ಪಷ್ಟವಾಗಿ ಹೋಯಿತು. ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ. ಮಕ್ಕಳು ಮಾತ್ರ ಕಿಸಕ್ಕೆಂದವು. ಅವಳು ಪುನಃ ಒತ್ತಿದಳು. "ಕಕ್ಕಸ್‌ಗ್ ಪೋವೊಡು." ಯಾರೂ ಎದ್ದು ಕೈ ಮುಗಿಯಲಿಲ್ಲ.

ನಾನು ಮೈಕನ್ನು ತಿಲಕನ ಕೈಗೆ ಕೊಟ್ಟೆ. ಬಿಸಾಡಲಿಲ್ಲ. ಕೊಟ್ಟೆ. ಇದನ್ನು ನಿನಗೆ ಹೇಳಿದವನಿಗೆ ಹೇಳು. ಅವಳ ಕೈ ಹಿಡಿದು ಮೆಟ್ಟಿಲಿಳಿದು ಹೊರಗೆ ಕರೆದುಕೊಂಡು ಹೋದೆ. ಕಕ್ಕಸಿನ ಕಡೆ ತಿರುಗಿದರೆ ಅವಳು ಕೈ ಜಗ್ಗಿದಳು. ಅಡುಗೆಯವರು ಅಂಗಳದಲ್ಲಿ ಇಟ್ಟ ನೀರಿನ ಡ್ರಮ್ಮಿನ ಕಡೆ ಬೆರಳು ತೋರಿಸಿದಳು. ಆಗ ನನಗೆ ಅರ್ಥವಾಯಿತು. ನೇರವಾಗಿ ಮಾತನಾಡುವುದು ದಾನಿಗಳಿಲ್ಲದ ಶಬ್ದಗಳು ಮಾತ್ರ, ಅದರಲ್ಲಿ ಒಂದನ್ನು ಹಿಡಿದು ಅವಳು ಅಲ್ಲಿಂದ ಹೊರಗೆ ಬಂದಳು. ಬಂಗುಡೆಯ ದಿನ ಬಂದಷ್ಟೇ ಸಿಟ್ಟು ಬಂತು ನನಗೆ, ನಗುವೂ ಬಂತು. ಅವಳಿಗೆ ನಗು ಇಲ್ಲ. ಚೊಂಬಿನಿಂದ ಎತ್ತಿ ಗಟಗಟ ಕುಡಿದಳು, ಹಸಿರು ಸೀರೆಯ ಎದೆ ಒದ್ದೆಯಾಯಿತು.

ಲಿಯೋನೆಲ್ ಹಿಂದಿನ ಸಾಲಿನಲ್ಲಿ ಕುಳಿತಿದ್ದವನು ಓಡಿ ಬಂದ. ಅವನ ಹಿಂದೆಯೇ ತಿಲಕ್.

"ಎಂತ ಭುಜಂಗಣ್ಣ ಇದು? ದಾನಿಗಳ ಎದುರು ಕಕ್ಕಸು ಎಂದು ಹೇಳಿಸಿದಿರಲ್ಲ? ಮರ್ಯಾದೆ ಉಂಟಾ ನಿಮಗೆ?"

"ಕಕ್ಕಸಿಗೂ ಒಬ್ಬ ದಾನಿಯನ್ನು ಹುಡುಕಬೇಕಿತ್ತು ನೀನು. ಹೆಸರು ಹೇಳಿ ಮುಗಿಯುವಷ್ಟರಲ್ಲಿ ಸೀರೆಯಲ್ಲೇ ಆಗಿರುತ್ತಿತ್ತು. ಅವನಿಗೂ ಶಾಲು ಹೊದೆಸಬಹುದಿತ್ತು, ಒರೆಸಲು ಆಗುತ್ತಿತ್ತು."

"ಇನ್ನು ಹೆಸರು ತೆಗೆಯುವ ಮಾತೇ ಇಲ್ಲ. ಆಪ್ ನಮ್ಮ ಬಳಗದ್ದು. ನೋಡುವ, ಯಾರು ಎಂತ ಮಾಡುತ್ತಾರೆ ಎಂದು!" ಎಂದು ತಿಲಕ್ ಹೊರಟುಹೋದ.

ಇವನ ಕೈಯಲ್ಲಿ ನನ್ನ ಹೆಂಡತಿಯ ನಾಲಗೆ ಸಿಕ್ಕಿಬಿದ್ದಿದೆಯಲ್ಲ ಎಂದು ಹೆದರಿದೆ. ಲಿಯೋನೆಲ್ ಮಾತ್ರ ಸಮಾಧಾನದಲ್ಲಿದ್ದ.

"ಅಂಕಲ್, ಇದು ತೆರೆದಿಟ್ಟದ್ದು. ಅವರು ಸೇರಿಸುವ ಮೊದಲು ಹೇಗಿತ್ತೋ ಅದರ ಪ್ರತಿ ಉಂಟು. ಅದನ್ನು ತಗೊಂಡು ಅಲ್ಲಿಂದ ಬೇರೆಯೇ ನಡೆಸಬಹುದು. ಯಾರ ಅಪ್ಪಣೆಯೂ ಬೇಡ."

"ಮತ್ತೆ ಅದನ್ನು ಅವತ್ತೇ ಯಾಕೆ ಮಾಡಲಿಲ್ಲ ನೀನು?"

"ಜಗಳ ಬೇಡ ಎಂದು. ಜನ ಇದ್ದರೆ ಒಳ್ಳೆಯದು ಎಂದು." ಅವನು ಸುಗಂಧಿಯ ಒದ್ದೆ ಸೀರೆ ನೋಡಿದ. "ಇವತ್ತು ಮಾಡುತ್ತೇನೆ. ಆದರೆ ಗುಲಾಬಿಯಕ್ಕ ಬೇಕು. ಅವರು ಬೇಡ ಎಂದರೆ ಅವರ ಸ್ವರ ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಮುಂದೆ ಶಬ್ದವೂ ಬೇಕಲ್ಲ."

ಮರುದಿನ ಅವನ ಬೈಕು ಬಿಟ್ಟು ರಿಕ್ಷಾ ಮಾಡಿ ಮೂವರೂ ಎಲ್ಲೂರಿಗೆ ಹೋದೆವು. ಗುಲಾಬಿ ಬಾಗಿಲಲ್ಲೇ ನಿಂತಳು, ಬನ್ನಿ ಎಂದು ಸಹ ಹೇಳಲಿಲ್ಲ. ಒಳಗೆ ಟಿವಿ, ಮಗ, ಸೊಸೆ, ಗಂಡ. ಯಾರೂ ತಿರುಗಿ ನೋಡಲಿಲ್ಲ.

"ಕಕ್ಕಸಿನವಳನ್ನು ಹುಡುಕಿಕೊಂಡು ಬಂದಿರಾ?" ಎಂದಳು.

"ಹೌದು ಗುಲಾಬಿಯಕ್ಕ," ಎಂದೆ. "ನಿನ್ನೆ ನಮ್ಮವಳ ಮಾನ ಉಳಿಸಿದ್ದು ಆ ಒಂದು ಶಬ್ದ." ನಡೆದದ್ದನ್ನೆಲ್ಲ ಹೇಳಿದೆ. ಉದ್ಯಮಿ ಎರಡೆರಡು ಸಲ ಎದ್ದು ಕೈ ಮುಗಿದದ್ದನ್ನು ಎದ್ದು ನಿಂತು ತೋರಿಸಿದೆ. ಅವಳು ನಗಲಿಲ್ಲ, ಆದರೆ ಬಾಗಿಲಿನಿಂದ ಸರಿದಳು.

"ನಿಮಗೆ ಶಾಲು ಯಾಕೆ ಬೇಡವಾಯಿತು?" ಎಂದು ನಾನು ಕೇಳಿದೆ. ನಾನು ಕೇಳದೆ ಬಿಡುವ ಜನವಾ?

ಅವಳು ಒಳಗಿನ ಟಿವಿಯ ಕಡೆ ಕೈ ತೋರಿಸಿದಳು. "ಈ ಮನೆಯಲ್ಲಿ ನಾನು ಬಾಯಿ ತೆರೆದರೆ ಯಾರಿಗೂ ಕೇಳುವುದಿಲ್ಲ ಅಣ್ಣ. ಊಟಕ್ಕೆ ಬನ್ನಿ ಎಂದು ಮೂರು ಸಲ ಕರೆಯಬೇಕು. ನೀರು ಕೊಡಿ ಎಂದರೆ ನೀನೇ ತಗೊ ಎನ್ನುತ್ತಾರೆ. ನನ್ನ ಸ್ವರ ಅಲ್ಲಿ ಎಷ್ಟು ಮನೆಯಲ್ಲಿ ನೀರು ಕೇಳುತ್ತದೆ, ಕೇಳಿದ ಕೂಡಲೇ ಕೊಡುತ್ತಾರೆ ಎಂದು ಈ ಹುಡುಗ ಹೇಳಿದ. ನನಗೆ ಅದು ಸಾಕಿತ್ತು. ಶಾಲು ಹೊದ್ದುಕೊಂಡು ಇದೇ ಮನೆಗೆ ಬಂದು ಎಂತ ಮಾಡುವುದು? ಅದನ್ನೂ ನಾನೇ ಒಗೆಯಬೇಕು."

ಒಳಗಿನಿಂದ ಅವಳ ಗಂಡ "ಯಾರಂತೆ?" ಎಂದ. "ನನ್ನನ್ನು ಕೇಳಿಕೊಂಡು ಬಂದವರು," ಎಂದಳು, ಇಡೀ ಎಲ್ಲೂರಿಗೆ ಕೇಳುವ ಹಾಗೆ.

ಆಮೇಲೆ ಸುಗಂಧಿಯ ಎದುರು ಕುಳಿತು, "ಅಕ್ಕ, ನೀವು ಒತ್ತುವುದನ್ನು ನಾನು ಒಮ್ಮೆ ನೋಡಬೇಕು," ಎಂದಳು. ಲಿಯೋನೆಲ್ ಅಷ್ಟರಲ್ಲಿ ಹಳೆಯದನ್ನು ಫೋನಿಗೆ ಹಾಕಿದ್ದ. ಸುಗಂಧಿ ಒತ್ತಿದಳು. 'ನೀರ್ ಕೊರ್ಲೆ.' ಗುಲಾಬಿ ತನ್ನ ಸ್ವರವನ್ನೇ ಕೇಳಿ, ಎದ್ದು, ಒಳಗೆ ಹೋಗಿ, ಬೆಲ್ಲ ನೀರು ತಂದು ಕೊಟ್ಟಳು. ಸುಗಂಧಿ ಕುಡಿಯುವವರೆಗೆ ನಿಂತು ನೋಡಿದಳು. ಅವಳ ಕಣ್ಣಿನಲ್ಲಿ ಎಂತ ಇತ್ತು ಎಂದು ನಾನು ಹೇಳುವುದಿಲ್ಲ, ನೀನು ನನ್ನನ್ನು ಆಮೇಲೆ ತಮಾಷೆ ಮಾಡುತ್ತೀ.

"ಇನ್ನು ಯಾವ ಶಬ್ದ ಬೇಕು ಅಕ್ಕ? ಇದರಲ್ಲಿ ಇಲ್ಲದ್ದು?"

ಸುಗಂಧಿ ಯೋಚಿಸಲೇ ಇಲ್ಲ. ನನ್ನ ಕಡೆ ಬೆರಳು ತೋರಿಸಿದಳು, ಐದೂ ಬೆರಳು ಸೇರಿಸಿ ಕೊಕ್ಕಿನ ಹಾಗೆ ಬಡಬಡ ತೆರೆದು ಮುಚ್ಚಿದಳು, ಕೊನೆಗೆ ಪಟ್ಟೆಂದು ಮುಚ್ಚಿದಳು. ಗುಲಾಬಿಗೆ ಕೂಡಲೇ ಅರ್ಥವಾಯಿತು. ಹೆಂಗಸರಿಗೆ ಇಂಥದ್ದೆಲ್ಲ ಅರ್ಥವಾಗುತ್ತದೆ. ಟಿವಿಯ ಕಡೆ ತಿರುಗಿ, ವರ್ಷಗಳ ಸಿಟ್ಟನ್ನೆಲ್ಲ ಸೇರಿಸಿ, ಒಂದೇ ಸಲಕ್ಕೆ ಅದನ್ನು ಫೋನಿಗೆ ಹೇಳಿದಳು. ಟಿವಿಯ ಎದುರಿನವರು ನಿಜವಾಗಿಯೂ ಸುಮ್ಮನಾದರು. ಲಿಯೋನೆಲ್ ಒಂದು ಚಿತ್ರ ಬರೆದು ಅಂಟಿಸಿದ. ಮೂಗು ನನ್ನದರ ಹಾಗೆಯೇ ಉಂಟು.

ತಿಲಕನ ಆಪ್ ಅವನ ಹತ್ತಿರವೇ ಇರಲಿ. ಉದ್ಯಮಿ ದಿನಾ ಬೆಳಗ್ಗೆ ಒತ್ತಿ ತನ್ನ ಹೆಸರು ಕೇಳಲಿ. ನನಗೆ ಸಿಟ್ಟು ಇನ್ನೂ ಇಳಿಯಲಿಲ್ಲ ಬ್ಯಾಪ್ಟಿಸ್ಟ್, ಇಳಿಯುವುದೂ ಬೇಡ, ಯಾಕೆಂದರೆ ಆ ಮುಳ್ಳು ಇಳಿಯದಿದ್ದರೆ ನಾನು ಈಗ ಯಾರ ಹೆಸರನ್ನು ಸ್ಮರಣಾರ್ಥ ಎಂದು ಓದಬೇಕಿತ್ತು? ನೀನು ಆ ಬುದ್ಧಿಯ ಮಾತು ಕಳುಹಿಸುವ ಮೊದಲು ಒಮ್ಮೆ ನನಗೆ ಫೋನು ಮಾಡಿ ಕೇಳಬಹುದಿತ್ತು, ಅದು ಬಿಟ್ಟು ನೀನು...

"ಮನಿಪಂದೆ ಕುಲ್ಲುಲೆ!"

ಕೇಳಿತಾ? ಬಾಯಿ ಮುಚ್ಚಿ ಕುಳಿತುಕೊಳ್ಳಿ ಎಂದು. ಬೆಳಗ್ಗಿನಿಂದ ಇದು ಎಷ್ಟನೆಯ ಸಲವೋ! ಆಯಿತು ಮಾರಾಯ್ತಿ, ಆಯಿತು, ಇಟ್ಟೆ.